ಅಕ್ಕನ ತಲೆಬಿಸಿಗೆ ಐದೂವರೆಯ ಮದ್ದು

ನನ್ನ ದೊಡ್ಡಮ್ಮನ ಮಗಳಿಗೆ ತಲೆ ಸರಿ ಇರಲಿಲ್ಲ. ಇದು ನನ್ನ ಮಾತಲ್ಲ. ಅಲೆವೂರಿನ ಮಾವ ಹೇಳಿದರು, ಅತ್ತೆ ಹೇಳಿದರು, ಕಾರ್ಕಳದಿಂದ ಹೆಣ್ಣು ನೋಡಲು ಬಂದವರು ಮಾವನ ಅಂಗಳದಲ್ಲೇ ನಿಂತು ಹೇಳಿ ಹೋದರು. ನಾನೂ ಒಂದು ಕಾಲದಲ್ಲಿ ಹೇಳಿದ್ದೇನೆ, ಸುಳ್ಳೇಕೆ? ಆದರೆ ಇವತ್ತು ಬೇರೆ ಯಾರಾದರೂ ಹೇಳಿ ನೋಡಲಿ, ಆಮೇಲೆ ನಾನುಂಟು ಅವರುಂಟು!

ಅರವತ್ತರ ದಶಕದ ಸುರು. ನಮ್ಮಿಬ್ಬರ ಮನೆಯೂ ಕಾಪುವಿನಲ್ಲಿ. ಕಾಲೇಜು ಉಡುಪಿಯಲ್ಲಿದ್ದುದರಿಂದ ಹತ್ತಿರದ ಅಲೆವೂರಿನಲ್ಲಿದ್ದ ನಮ್ಮ ತಾಯಂದಿರ ಅಣ್ಣ, ಅಂದರೆ ನಮ್ಮ ಮಾವನ ಮನೆಯಲ್ಲಿ ಇಬ್ಬರನ್ನೂ ಬಿಟ್ಟಿದ್ದರು. ನಮ್ಮ ಕುಟುಂಬದಲ್ಲಿ ಮಾವ ಹೇಳಿದ ಮೇಲೆ ಮುಗಿಯಿತು, ಅಪ್ಪನಿಗೂ ಬಾಯಿಲ್ಲ. ಅಕ್ಕ ಬಿ.ಎ. ಕೊನೆಯ ವರ್ಷ, ನಾನು ಪಿ.ಯು.ಸಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಮೂರು ವಿಷಯಗಳಲ್ಲಿ ಮಗುಚಿ ಬಿದ್ದಿದ್ದೆ. “ಮಾರ್ಚಿಯಲ್ಲಿ ಪಾಸಾಗದಿದ್ದರೆ ಪುಸ್ತಕ ಕಟ್ಟಿ ಇಡು” ಎಂದು ಮಾವ ಹೇಳಿಯಾಗಿತ್ತು. ನನಗೆ ಓದಬೇಕಿತ್ತು. ಎಷ್ಟು ಓದಬೇಕಿತ್ತೆಂದರೆ, ಉಣ್ಣುವಾಗಲೂ ಬಟ್ಟಲಿನ ಪಕ್ಕದಲ್ಲಿ ಪುಸ್ತಕ!

ಅಂಥ ಹೊತ್ತಿನಲ್ಲಿ ಈ ಮಹಾತಾಯಿ ಎಲ್ಲಿಂದಲೋ ಎರಡು ಹಳೆಯ ಬ್ಯಾಟು ತಂದಳು.

“ನನಗೆ ಓದಿ ಓದಿ ತಲೆಬಿಸಿ. ದಿನಾ ಐದೂವರೆಗೆ ಬಾಲ್ ಬ್ಯಾಡ್ಮಿಂಟನ್ ಆಡದಿದ್ದರೆ ನಾನು ಫೇಲು. ಎದುರಿಗೆ ಒಬ್ಬಳು ಬೇಕು, ಬಾ.”

“ನನಗೆ ಕೆಮಿಸ್ಟ್ರಿ ಉಂಟು!”

“ಕೆಮಿಸ್ಟ್ರಿ ಓಡಿಹೋಗುವುದಿಲ್ಲ ಮಾರಾಯ್ತಿ. ಬಾ!”

ಅತ್ತೆ ಅಡುಗೆಮನೆಯಿಂದ ಇಣುಕಿದರು. “ತಲೆಬಿಸಿ ಆದರೆ ಎಣ್ಣೆ ಹಾಕಿ ಮೀಯಬೇಕು. ಅಂಗಳದಲ್ಲಿ ಹಾರುವುದೆಂತಕ್ಕೆ?” ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಅತ್ತೆಯ ಎದುರಿಗೇ ಎರಡು ಸಲ ಹಾರಿ ತೋರಿಸಿದಳು.

ಆಡಲು ನೆಟ್ ಬೇಡವೇ? ಎರ್ಮಾಳಿನ ಮೀನುಗಾರರೊಬ್ಬರಿಂದ ಒಂದು ಹರಕು ಬಲೆ ಬಂತು. ತೊಳೆದೆವು, ಒಣಗಿಸಿದೆವು, ಮತ್ತೆ ತೊಳೆದೆವು. ಸಮುದ್ರವೆಲ್ಲ ಬತ್ತಿದರೂ ಆ ಬಲೆಯ ವಾಸನೆ ಹೋಗುತ್ತಿರಲಿಲ್ಲ! ದಿನವೂ ಐದೂವರೆಗೆ ಸರಿಯಾಗಿ ಊರಿನ ಏಳೆಂಟು ಬೆಕ್ಕುಗಳು ಬಂದು ಬಲೆಯ ಕೆಳಗೆ ಸಾಲಾಗಿ ಕೂರುತ್ತಿದ್ದವು. ನಮ್ಮ ಆಟ ನೋಡಲು ಬರುತ್ತಿದ್ದದ್ದು ಅವು ಮಾತ್ರ.

ಆ ಆಟಕ್ಕೆ ಉಣ್ಣೆಯ ಚೆಂಡೇ ಬೇಕು, ಅದು ವಾರಕ್ಕೊಂದರಂತೆ ಬಿಚ್ಚಿಹೋಗುತ್ತಿತ್ತು. ನಮ್ಮ ಸೆಕೆಯ ಊರಿನಲ್ಲಿ ಉಣ್ಣೆ ಎಲ್ಲಿಂದ? ಊರಿಗೆಲ್ಲ ಇದ್ದದ್ದು ಒಂದೇ ಉಣ್ಣೆ, ಮಾವ ಬೊಂಬಾಯಿಯಿಂದ ತಂದ ಹಳದಿ ಮಫ್ಲರ್. ಬಯಲಾಟಕ್ಕೆ ಹೋಗುವಾಗ ಮಂಜು ತಾಗಬಾರದೆಂದು ಅವರು ಅದನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು. ಅಕ್ಕ ವಾರಕ್ಕೊಂದು ಗೇಣಿನಷ್ಟು ಬಿಚ್ಚಿ ಚೆಂಡಿಗೆ ಸುತ್ತಿದಳು. ಎರಡು ಸುತ್ತು ಬರುತ್ತಿದ್ದದ್ದು ಒಂದೂವರೆಗೆ ಬಂತು, ಆಮೇಲೆ ಕಿವಿಗೇ ಸಾಲದಾಯಿತು. ಒಂದು ಸಂಜೆ ಚೆಂಡು ಹಾರಿ ಮಾವನ ಕಾಲಬುಡಕ್ಕೇ ಬಿತ್ತು. ಅವರು ಎತ್ತಿಕೊಂಡು ತಿರುಗಿಸಿ ನೋಡಿದರು.

“ಈ ಬಣ್ಣ ಎಲ್ಲಿಯೋ ನೋಡಿದ ಹಾಗೆ ಉಂಟಲ್ಲ?”

“ಚೆಂಡು ಎಲ್ಲ ಊರಲ್ಲಿಯೂ ಹಳದಿಯೇ ಮಾವ. ಇತ್ತ ಬಿಸಾಡಿ!”

ಮಾವ ಬಿಸಾಡಿದರು. ಮಾವನಿಗೆ ಹೀಗೆ ಹೇಳುವವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ಪರೀಕ್ಷೆಗೆ ಇನ್ನು ಇಪ್ಪತ್ತು ದಿನವಿತ್ತು. ಅದೇ ಹೊತ್ತಿಗೆ ಕಾರ್ಕಳದವರು ಬಾಡಿಗೆ ಕಾರಿನಲ್ಲಿ ಅಕ್ಕನನ್ನು ನೋಡಲು ಬಂದರು. ಬರಬೇಕಾದದ್ದು ನಾಲ್ಕಕ್ಕೆ, ಬಂದದ್ದು ಐದೂಮುಕ್ಕಾಲಕ್ಕೆ. ಹುಡುಗನ ತಾಯಿ ಅಂಗಳಕ್ಕೆ ಕಾಲಿಟ್ಟರೆ ಎದುರಿಗೆ ಬಲೆ, ಬೆಕ್ಕು, ಬೆವರು ಸುರಿಸುತ್ತಿರುವ ಹೆಣ್ಣು! ಅಕ್ಕ ಬ್ಯಾಟು ಕೆಳಗಿಡಲಿಲ್ಲ.

“ಕೂತುಕೊಳ್ಳಿ. ಇನ್ನು ನಾಲ್ಕು ಪಾಯಿಂಟ್ ಉಂಟು, ಈಗ ಬಂದೆ.”

ಅವರು ಕೂರಲಿಲ್ಲ. ಚಹಾ ಕುಡಿಯಲಿಲ್ಲ. ಹೇಳುವುದನ್ನು ಹೇಳಿ ಕಾರು ತಿರುಗಿಸಿದರು.

ಮಾವನ ಮುಖ ಕೆಂಪಾಗಿತ್ತು. “ನಾಳೆಯಿಂದ ಬ್ಯಾಟು ಅಟ್ಟಕ್ಕೆ! ನೀನು ಹಾಳಾದದ್ದು ಸಾಲದೆಂದು ಇವಳನ್ನೂ ಹಾಳು ಮಾಡ್ತೀಯಾ? ಇವಳು ಫೇಲಾದರೆ ಎಂತ ಮಾಡುವುದು?”

ನಾನು ನೆಲ ನೋಡುತ್ತಿದ್ದೆ. ಅಕ್ಕ ಮಾವನ ಮುಖವನ್ನೇ ನೋಡುತ್ತಿದ್ದಳು.

“ಪರೀಕ್ಷೆಯ ಹಿಂದಿನ ದಿನದವರೆಗೂ ಆಡ್ತೇವೆ ಮಾವ. ಇವಳು ಫೇಲಾದರೆ ನಾನೂ ಕಾಲೇಜು ಬಿಡ್ತೇನೆ. ನೀವು ತೋರಿಸಿದವನಿಗೆ ಕೊರಳು ಕೊಡ್ತೇನೆ, ಯಾರು ಎಂತ ಅಂತ ಕೂಡ ಕೇಳುವುದಿಲ್ಲ.”

“ಆಯಿತು, ರಿಸಲ್ಟ್ ಬರಲಿ, ನೋಡುವ” ಎಂದು ಮಾವ ಒಳಗೆ ಹೋದರು.

ಅವಳಿಗೆ ಎಂ.ಎ. ಮಾಡುವ ಆಸೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಅದನ್ನು ತಂದು ನನ್ನಂಥ ದಡ್ಡಿಯ ತಲೆಯ ಮೇಲೆ ಇಡುವುದೇ! ನನ್ನನ್ನು ಒಂದು ಮಾತು ಕೇಳಿದವರುಂಟೇ? ಸಿಟ್ಟಿನಿಂದ ಮರುದಿನ ಚೆಂಡನ್ನು ಎಷ್ಟು ಜೋರಾಗಿ ಹೊಡೆದೆನೆಂದರೆ ಬೆಕ್ಕುಗಳು ಕೂಡ ಎದ್ದು ಓಡಿದವು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೂ ತಲೆಯಲ್ಲಿತ್ತು. ಆಟದಿಂದಲೇ ಹೀಗಾಯಿತೆಂದು ನಾನು ಒಪ್ಪಲಿಲ್ಲ, ಅಷ್ಟೆ.

ಪಾಸಾದೆ! ಅಕ್ಕನೂ ಪಾಸು. ಮಾವ ಎರಡು ಸಲ ಕೆಮ್ಮಿ ಪೇಟೆಗೆ ಹೋದರು.

ಮರುದಿನ ಐದೂವರೆಗೆ ನಾನೇ ಬ್ಯಾಟು ಹಿಡಿದು ಅವಳನ್ನು ಹುಡುಕಿಕೊಂಡು ಹೋದೆ. ಅವಳು ಜಗಲಿಯಲ್ಲಿ ಬೋರಲು ಮಲಗಿ ಕಾದಂಬರಿ ಓದುತ್ತಿದ್ದಳು.

“ನನಗೆ ಬೇಡ. ಆ ಆಟ ಕಂಡರೇ ನನಗಾಗುವುದಿಲ್ಲ. ಭುಜವೆಲ್ಲ ನೋವು.”

“ಮತ್ತೆ ಇಷ್ಟು ದಿನ ತಲೆಬಿಸಿ ಅಂತ ಕುಣಿದದ್ದು?”

ಅಕ್ಕ ಪುಸ್ತಕದಿಂದ ತಲೆ ಎತ್ತಲಿಲ್ಲ. “ಬಚ್ಚಲಲ್ಲಿ ನೀರು ಹೊಯ್ದುಕೊಂಡು ನೀನು ದಿನಾ ಅಳ್ತಿದ್ದೆ. ಅತ್ತೆಗೆ ಕೇಳ್ತಿರಲಿಲ್ಲ, ನನಗೆ ಕೇಳ್ತಿತ್ತು. ನಿನಗೋಸ್ಕರ ಅಂದರೆ ನೀನು ಪುಸ್ತಕ ಬಿಟ್ಟು ಏಳ್ತಿದ್ದೆಯಾ? ನನಗೋಸ್ಕರ ಅಂದೆ, ನೀನು ಬಂದೆ.”

ಬ್ಯಾಟು ಕೆಳಗಿಟ್ಟು ಅವಳ ಪಕ್ಕದಲ್ಲಿ ಕುಳಿತೆ. ತಡೆಯಲಾಗದೆ ಅತ್ತುಬಿಟ್ಟೆ. ಅವಳು ಒಂದು ಕೈಯಲ್ಲಿ ಪುಟ ತಿರುಗಿಸುತ್ತಾ ಇನ್ನೊಂದು ಕೈಯನ್ನು ನನ್ನ ಬೆನ್ನ ಮೇಲಿಟ್ಟಳು.

“ಈಗ ಎಷ್ಟು ಬೇಕಾದರೂ ಅಳು” ಎಂದಳು. “ಪಾಸಾಗಿದ್ದೀ.”