ಒಪ್ಪಿಗೆ ಪತ್ರದ ಷರತ್ತುಗಳು

ಬೆಳಗ್ಗೆ ಒಂಬತ್ತಕ್ಕೆ ಮೆಡಿಕಲ್ ಕಾಲೇಜಿನಿಂದ ಈಮೇಲ್ ಬಂತು. ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ನಿಮ್ಮನ್ನು ಆರಿಸಿದ್ದೇವೆ, ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಿ ಎಂದು ವಿಭಾಗದ ಮುಖ್ಯಸ್ಥರೇ ಬರೆದಿದ್ದರು. ಮಕ್ಕಳ ವಾರ್ಡಿನ ಡಾಕ್ಟರಮ್ಮ ಆರು ವರ್ಷದಿಂದ ಕಾದಿದ್ದ ಕೆಲಸ. ಪಾಠ ಹೇಳುವುದೆಂದರೆ ಅವಳಿಗೆ ಪ್ರಾಣ. ಕೇಳುವವರು ಯಾರೂ ಸಿಗದೆ, ಜ್ವರದಲ್ಲಿ ಮಲಗಿದ ಮಕ್ಕಳಿಗೇ ಶ್ವಾಸಕೋಶದ ಚಿತ್ರ ಬರೆದು ವಿವರಿಸುತ್ತಿದ್ದಳು.

‘ಒಪ್ಪಿದ್ದೇನೆ. ಯಾವತ್ತು ಬರಲಿ?’ ಎಂದು ಟೈಪ್ ಮಾಡಿದಳು. ಕಳಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಖುಷಿ ತಡೆಯಲಾರದೆ ಎದುರಿಗಿದ್ದ ಹಿರಿಯ ಡಾಕ್ಟರಿಗೆ ಫೋನ್ ತೋರಿಸಿದಳು.

ಹದಿನೆಂಟು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಸವೆದಿದ್ದ ಅವರು ಹೌಹಾರಿದರು. “ಅಯ್ಯೋ ತಾಯಿ! ಇಷ್ಟು ಸಲೀಸಾಗಿ ಒಪ್ಕೊಂಡ್ರೆ ವಾರದ ಏಳೂ ದಿನ ವಾರ್ಡಿಗೆ ಹಾಕ್ತಾರೆ. ಸಂಶೋಧನೆಗೆ ವಾರಕ್ಕೆರಡು ದಿನ ಬಿಡುವು ಬೇಕು ಅಂತ ಮೊದಲೇ ಕೇಳು. ನಾನು ಕೇಳದೇ ಕೆಟ್ಟೆ.”

ಆ ಮಾತಿನಲ್ಲಿ ನಿಜವಾದ ನೋವಿತ್ತು. ಬರೆದಳು.

ಸಹಿ ಹಾಕಿಸಲು ಬಂದ ಸಿಸ್ಟರ್ ಇಣುಕಿ ನೋಡಿದರು. “ಸ್ವಂತ ಕೋಣೆ ಕೇಳಿ ಮೇಡಂ, ಒಳಗಿಂದ ಚಿಲಕ ಇರೋದು. ಇಲ್ಲಿ ನೀವು ಊಟಕ್ಕೆ ಕೂತ್ರೂ ಜನ ಬಂದು ನಾಲಿಗೆ ಚಾಚ್ತಾರಲ್ಲ!”

ಅದನ್ನೂ ಬರೆದಳು. ಗಂಡನಿಗೆ ಫೋನ್ ಮಾಡಿದರೆ, “ಕೇಳೋದೇ ಆದ್ರೆ ಇಬ್ಬರು ಸಹಾಯಕರನ್ನೂ ಕೇಳಿಬಿಡು. ಹೆಚ್ಚಂದ್ರೆ ಇಲ್ಲ ಅಂತಾರೆ, ಅಷ್ಟೇ ತಾನೆ?” ಎಂದ.

ಮಧ್ಯಾಹ್ನದ ಹೊತ್ತಿಗೆ ಪತ್ರ ಟಾನ್ಸಿಲ್ಲಿನ ಹಾಗೆ ಊದಿಕೊಂಡಿತ್ತು. ಕಣ್ಣು ಮುಚ್ಚಿ ಕಳಿಸಿದಳು. ಕಳಿಸಿದ ಮರುಗಳಿಗೆಯಿಂದಲೇ ಉತ್ತರ ಬಂತೇ ಎಂದು ಮತ್ತೆ ಮತ್ತೆ ಫೋನ್ ನೋಡತೊಡಗಿದಳು. ಎರಡು ಗಂಟೆಯಾದರೂ ಉತ್ತರವಿಲ್ಲ. ಮೂರಕ್ಕೂ ಇಲ್ಲ.

“ಷರತ್ತೆಲ್ಲ ಬೇಡ, ಹಾಗೇ ಬರ್ತೀನಿ ಅಂತ ಇನ್ನೊಂದು ಬರೀತೀನಿ ಸಾರ್.”

“ಈಗ ಬಗ್ಗಿದ್ಯೋ, ಕೊನೇವರೆಗೂ ಬಗ್ಗೇ ಇರ್ಬೇಕು!” ಎಂದು ಹಿರಿಯರು ಫೋನನ್ನು ಕಿತ್ತುಕೊಂಡು ತಮ್ಮ ಕೋಟಿನ ಜೇಬಿಗಿಳಿಸಿದರು.

ನಾಲ್ಕೂವರೆಗೆ ಜೇಬು ಹಾಡಿತು. ಅವಳು ಓಡಿಬಂದು ಫೋನ್ ತೆಗೆದುಕೊಂಡಳು. ಮುಖ್ಯಸ್ಥರ ದನಿ ಉತ್ಸಾಹದಿಂದ ಉಕ್ಕುತ್ತಿತ್ತು.

“ಡಾಕ್ಟರೇ, ಇವತ್ತೇ ಆಡಳಿತ ಮಂಡಳಿ ಸಭೆ ಇತ್ತು. ನಿಮ್ಮ ಪತ್ರ ಓದಿ ಹೇಳ್ದೆ. ಇಷ್ಟು ವರ್ಷದಲ್ಲಿ ಹೀಗೆ ಬಾಯಿಬಿಟ್ಟು ಕೇಳಿದೋರೇ ಇಲ್ಲ. ಎಲ್ಲಕ್ಕೂ ಒಪ್ಪಿದ್ರು!”

ಅವಳು ಗೋಡೆಗೆ ಒರಗಿದಳು. ಕಣ್ಣಲ್ಲಿ ನೀರಾಡಿತು.

“ಒಂದೇ ತೊಡಕು. ಇಷ್ಟೆಲ್ಲ ಸೌಕರ್ಯ ಸಹಾಯಕ ಪ್ರಾಧ್ಯಾಪಕರಿಗೆ ಕೊಡೋ ಹಾಗಿಲ್ವಂತೆ. ಅದಕ್ಕೆ ಹುದ್ದೇನೇ ಮೇಲಕ್ಕೇರಿಸಿಬಿಟ್ರು. ಈಗ ಹತ್ತು ವರ್ಷದ ಅನುಭವ ಬೇಕು. ನಿಮ್ಮದು ಆರು.”

“ಸಾರ್, ನನಗೇನೂ ಬೇಡ. ಹಳೇ ಹುದ್ದೇನೇ ಸಾಕು.”

“ಹಳೇದು ಈಗ ಇಲ್ವಲ್ಲಮ್ಮ.” ಅವರ ದನಿ ತಗ್ಗಿತು. “ನನಗೂ ಬೇಜಾರೇ. ಸಂದರ್ಶನದ ದಿನ ನೀವು ಮಾಡಿದ ಪಾಠಾನ ವಿದ್ಯಾರ್ಥಿಗಳು ಇನ್ನೂ ನೆನೆಸ್ಕೋತಾರೆ. ಇರ್ಲಿ, ನಿಮಗೆ ಗೊತ್ತಿರೋ ಹಿರಿಯರು ಯಾರಾದ್ರೂ ಇದಾರಾ?”

ಅವಳು ತಲೆಯೆತ್ತಿದಳು. ಹಿರಿಯ ಡಾಕ್ಟರು ಎರಡೂ ಕೈ ಜೋಡಿಸಿಕೊಂಡು, ಮಗಳ ಪರೀಕ್ಷೆಯ ಫಲಿತಾಂಶಕ್ಕೆ ಕಾದ ತಂದೆಯಂತೆ, ಏನಂತೆ ಏನಂತೆ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ.

“ಇದಾರೆ ಸಾರ್,” ಎಂದಳು. “ಒಂದ್ನಿಮಿಷ, ಅವರಿಗೇ ಕೊಡ್ತೀನಿ.”