ಎಮ್ಮೆಗಳ ಪಟ್ಟಿಯಲ್ಲೊಬ್ಬ ಮಾವ

ನಿಪ್ಪಾಣಿಯಿಂದ ಕಾಗವಾಡದವರೆಗೆ ಸತ್ತ ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವ ಗಂಡು ನಾನೊಬ್ಬನೇ. ಇದು ಸುಳ್ಳು. ಚಿಕ್ಕೋಡಿಯಲ್ಲಿ ಇಬ್ಬರಿದ್ದಾರೆ, ರಾಯಬಾಗದವನಂತೂ ನನಗೇ ಕಲಿಸಿದವನು. ಆದರೆ ತಮಾಷೆ ಮಾತ್ರ ಅವರ ಕಡೆ ಹೋಗುವುದಿಲ್ಲ. ವಿಳಾಸ ಕೇಳಿಕೊಂಡು ಅಥಣಿಯ ನನ್ನ ಅಂಗಡಿಗೇ ಬರುತ್ತದೆ. ಚಹಾ ಹೇಳ್ರಿ, ಮೊನ್ನೆಯದನ್ನೇ ಕೇಳ್ರಿ.

೧. ಕಸ

ಕೊಕಟನೂರ ಕಡೆಯ ಹಳ್ಳಿಯೊಂದರಿಂದ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ ಅಕ್ಕ ಬಂದರು. ಬೆನ್ನ ಹಿಂದೆ ತಲೆಗೆ ಪಟಕಾ ಸುತ್ತಿದ ಅವರ ಮಾವ. ಊರಿನ ದನಗಳ ಕಿವಿಬಿಲ್ಲೆಯ ನಂಬರೆಲ್ಲ ಒಂದು ಫೈಲಿನಲ್ಲಿದ್ದವು. ಆ ಫೈಲು ತೆರೆಯುತ್ತಿಲ್ಲ. ಮರುದಿನವೇ ಕಾಲುಬಾಯಿ ಬ್ಯಾನಿಯ ಲಸಿಕೆ. ನಂಬರಿನ ಪಟ್ಟಿ ಕೊಡದಿದ್ದರೆ ಡಾಕ್ಟರ ಗಾಡಿ ಮುಂದಿನ ಊರಿಗೆ ಹೋಗುತ್ತದೆ.

"ಕೈಲೆ ಬರಿಯೂ ವಹಿ ಸಾಕಿತ್ತು, ಈಕಿಗಿ ಕಂಪ್ಯೂಟರ್ ಬೇಕಾತು," ಮಾವ ಶುರು ಹಚ್ಚಿದರು. "ನಾಳಿ ಗಾಡಿ ಹೊಳ್ಳಿ ಹೋತಂದ್ರ ಸಂಘದ ಕೀಲಿಕೈ ಕೊಟ್ಟು ಮನ್ಯಾಗ ಕುಂದ್ರಬೇಕು. ಹೇಳೇನಿ."

"ಅಣ್ಣಾರ, ಏನಾರ ಮಾಡ್ರಿ," ಎಂದರು ಅಕ್ಕ, ಸಣ್ಣ ದನಿಯಲ್ಲಿ.

ಫೈಲಿನ ಹೊಟ್ಟೆಯಲ್ಲಿದ್ದದ್ದನ್ನು ಇದ್ದ ಹಾಗೇ ಪರದೆಗೆ ಸುರಿದು ತೋರಿಸಿದೆ. ಪರದೆ ತುಂಬ ಚೌಕ, ಚುಕ್ಕೆ, ಬಾಲ ಇದ್ದ ಅಕ್ಷರ, ನಡುನಡುವೆ ಒಂದೊಂದು ನಗುವ ಮುಖ. ಮಾವ ಕನ್ನಡಕ ಏರಿಸಿದರು.

"ಇದನ್ನ ಯಾರ ಬರದಾರೋ ತಮ್ಮಾ? ಎಮ್ಮೀನ ಕುಂತು ಬರದಾವೇನು?"

೨. ಜರಡಿ

ನನ್ನ ಹತ್ತಿರ ಎರಡು ಜರಡಿಗಳಿವೆ. ಕಪ್ಪು ಪರದೆಯಲ್ಲಿ ಹೆಸರು ಟೈಪ್ ಮಾಡಿದರೆ ಕೆಲಸಕ್ಕೆ ನಿಲ್ಲುತ್ತವೆ. 'ಸ್ಟ್ರಿಂಗ್ಸ್' ಕಸವನ್ನು ಬಿಟ್ಟು ಓದಲು ಬರುವುದನ್ನಷ್ಟೇ ಇಳಿಸುತ್ತದೆ. 'ಗ್ರೆಪ್'ಗೆ ಗುರುತು ಹೇಳಿದರೆ ಆ ಗುರುತಿನದನ್ನೇ ಹೆಕ್ಕಿ ಕೊಡುತ್ತದೆ. ಬಿಲ್ಲೆಗೆ ಹನ್ನೆರಡು ಅಂಕಿ. ಒತ್ತೊತ್ತಾಗಿ ಹನ್ನೆರಡು ಅಂಕಿ ಎಲ್ಲಿದ್ದರೂ ಹೆಕ್ಕು ಎಂದೆ. ನಂಬರುಗಳು ದಬದಬ ಇಳಿದವು.

ಅಕ್ಕ ಎಣಿಸಿದರು. ಮುಖ ಸಪ್ಪಗಾಯಿತು. "ಅಣ್ಣಾರ, ನಮ್ಮೂರಾಗ ಇಷ್ಟ ದನಾ ಇಲ್ಲರಿ."

"ಕರಾ ಹಾಕಿರಬೇಕ್ರಿ," ಎಂದೆ.

"ಎಲ್ಲಾವೂ? ಒಂದ ದಿನಕ್ಕ?"

ಆಮೇಲೆ ಹೊಳೆಯಿತು: ಆಧಾರಿಗೂ ಹನ್ನೆರಡೇ ಅಂಕಿ. ದನಗಳ ಸಂಗಡ ಅದೇ ಫೈಲಿನಲ್ಲಿದ್ದ ಮಾಲಕರೂ ಇಳಿದುಬಿಟ್ಟಿದ್ದರು! ಅಕ್ಕ ಒಂದು ನಂಬರಿನ ಮೇಲೆ ಬೆರಳಿಟ್ಟರು. "ಅಯ್ಯ, ಇದು ನಮ್ಮ ಮಾವಾರದು!" ಮಾವ ಹೊರಗೆ ನಿಂತು, ದಾರಿಯಲ್ಲಿ ಹೋಗುವವರ ಮುಂದೆಲ್ಲ ಕಂಪ್ಯೂಟರನ್ನು ಬೈಯುತ್ತಿದ್ದರು.

ಆ ಊರಿನ ಬಿಲ್ಲೆಗಳೆಲ್ಲ ಒಂದರಿಂದ ಶುರು. ಆಧಾರ್ ನಂಬರು ಒಂದರಿಂದ ಶುರುವಾಗುವುದೇ ಇಲ್ಲ. ಗುರುತಿಗೆ ಅದನ್ನೂ ಸೇರಿಸಿದೆ. ಮನುಷ್ಯರೆಲ್ಲ ಜರಡಿಯಲ್ಲೇ ಉಳಿದರು, ದನಗಳಷ್ಟೇ ಇಳಿದವು. ಅಕ್ಕ ಕಣ್ಣೊರೆಸಿಕೊಂಡು ನಕ್ಕರು.

ಪ್ರಿಂಟ್ ತೆಗೆಯುವ ಮೊದಲು, ಅಕ್ಕ ಆಕಡೆ ತಿರುಗಿದಾಗ, ಕೊನೆಗೆ ಒಂದೇ ಒಂದು ನಂಬರು ಸೇರಿಸಿದೆ. ಯಾಕೆ ಅನ್ನಬೇಡಿ. ನನ್ನ ಕೈ ಮೊದಲಿನಿಂದಲೂ ನನ್ನ ಮಾತು ಕೇಳುವುದಿಲ್ಲ.

೩. ಉಳಿದವರು

ಮರುದಿನ ನಾನೂ ಹೋದೆ. ಡಾಕ್ಟರು ನಂಬರು ಕೂಗುವುದು, ದನ ಬರುವುದು, ಕುತ್ತಿಗೆಗೆ ಸೂಜಿ. ಮಧ್ಯಾಹ್ನದೊಳಗೆ ಎಲ್ಲ ಮುಗಿದು ಪಟ್ಟಿಯಲ್ಲಿ ಒಂದೇ ನಂಬರು ಉಳಿಯಿತು. ಡಾಕ್ಟರು ಕೂಗಿದರು. ಯಾರೂ ಇಲ್ಲ. ಮತ್ತೊಮ್ಮೆ ಕೂಗಿದರು.

"ಲಿಸ್ಟ ತಪ್ಪೈತೇನ್ರಿ ಅಕ್ಕಾರ?"

ಅಕ್ಕ ನನ್ನನ್ನು ನೋಡಿದ ರೀತಿಗೆ ನಾನು ಒಂದು ಎಮ್ಮೆಯ ಮರೆಗೆ ಸರಿದೆ.

"ತಡೀರಿ! ಅದು ನಂದರಿ, ನಂದು!"

ಮಾವ ಗುಂಪು ಸೀಳಿಕೊಂಡು ಬಂದರು. ರೇಶನ್ ಅಂಗಡಿಯಲ್ಲಿ ಹೇಳಿ ಹೇಳಿ ನಂಬರು ಬಾಯಿಪಾಠ. ಜೇಬಿನಿಂದ ಆಧಾರ್ ಕಾರ್ಡು ತೆಗೆದು ಮೇಲೆತ್ತಿ ಹಿಡಿದರು. "ತಪ್ಪ ಹೆಂಗಾಗ್ತೈತ್ರಿ? ನೋಡ್ರಿ, ಬರೋಬ್ಬರಿ ಐತಿ! ನಮ್ಮ ಸೊಸಿ ಕಂಪ್ಯೂಟರಿನ್ಯಾಗ ಒಂದ ಅಂಕಿ ಹೆಚ್ಚುಕಮ್ಮಿ ಆಗೂದಿಲ್ಲ!"

ಇಡೀ ಊರು ಕೇಳಿತು. ಇನ್ನು ಕೀಲಿಕೈ ಕೇಳುವ ಬಾಯಿ ಅವರಿಗೆ ಉಳಿಯಲಿಲ್ಲ.

ಡಾಕ್ಟರು ಕಾರ್ಡು ನೋಡಿದರು, ಪಟ್ಟಿ ನೋಡಿದರು, ಗಂಭೀರವಾಗಿ ಸೂಜಿ ಎತ್ತಿದರು.

"ಅಜ್ಜಾರ, ಪಟಕಾ ಸರಸ್ರಿ. ಬಿಲ್ಲೆ ಯಾವ ಕಿವಿಗೈತಿ?"

ನಗೂದು ಆಮೇಲೆ ನಗ್ರಿ. ಎರಡು ಕಪ್ ಚಹಾ ಕುಡಿದೇನಿ, ಎದ್ದು ರೊಕ್ಕ ಕೊಟ್ಟು ಬರ್ರಿ.