ಮೇಸ್ತ್ರಿ ಬಿಚ್ಚಿ ಮುಚ್ಚಿದ ಬಾಗಿಲು

ಗ್ಯಾರೇಜ್ ಮೇಸ್ತ್ರಿ ತೀರಿಕೊಂಡ ಸುದ್ದಿ ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರಿಗೆ ತಿಳಿದದ್ದು ಬೆಳಗ್ಗೆ, ಹಲ್ಲುಜ್ಜುತ್ತಿದ್ದಾಗ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಫೋನಿಗೆ "ಹ್ಞಾಂ, ಹ್ಞಾಂ" ಎಂದರು. ಆಮೇಲೆ ಬಾಯಿ ಮುಕ್ಕಳಿಸುವುದನ್ನೂ ಮರೆತು ಬಚ್ಚಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೂವತ್ತು ವರ್ಷದ ಗೆಳೆಯ. ರಾತ್ರಿ ಮಲಗಿದವನು ಏಳಲೇ ಇಲ್ಲವಂತೆ.

ಮೇಸ್ತ್ರಿಯ ಹೆಂಡತಿ ಕೇಳಿದ್ದು ಒಂದೇ ಮಾತು. "ಮೂರು ಗಂಟೆಗೆ ಹೊರಡೋದು ಅಣ್ಣಾ. ನಾನು ನಿಮ್ಮ ಕಾರಲ್ಲೇ ಬರ್ತೀನಿ. ಕಿಟಕಿ ಮುಚ್ಚಿದ್ರೆ ನನಗೆ ಉಸಿರು ಕಟ್ಟುತ್ತೆ, ನಿಮಗೆ ಗೊತ್ತಲ್ಲ."

ಗೊತ್ತಿದ್ದುದರಿಂದಲೇ ಬೈಂಡರಿಗೆ ಫಜೀತಿಯಾಯಿತು. ಅವರ ಹಳೆಯ ಕಾರಿನ ಎಡಬಾಗಿಲಿನ ಗುಂಡಿ ಒತ್ತಿದರೆ ಗಾಜು ಇಳಿಯುತ್ತಿತ್ತು, ನಿಜ. ಆದರೆ ಹದಿನೈದು ದಿನದಿಂದ ಅದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತ ಇಳಿಯುತ್ತಿತ್ತು. ಗೆಳೆಯನ ಕೊನೆಯ ಯಾತ್ರೆಯಲ್ಲಿ, ಅವನ ಹೆಂಡತಿಯ ಕಿವಿಯ ಬುಡದಲ್ಲಿ, ಆ ಸದ್ದೇ?

ಅದನ್ನು ಸರಿಮಾಡುತ್ತಿದ್ದವನು ಮೇಸ್ತ್ರಿಯೊಬ್ಬನೇ. ಬೈಂಡರನ್ನು ಆಚೆ ಸ್ಟೂಲಿನ ಮೇಲೆ ಕೂರಿಸಿ, ಚಹಾ ಕೊಟ್ಟು, "ಒಳಗೆ ಇಣುಕಬೇಡ, ಹೆದರ್ಕೊಳ್ತೀಯ" ಎನ್ನುತ್ತ, ಹರಟೆ ಹೊಡೆಯುತ್ತ ಬಾಗಿಲು ಬಿಚ್ಚಿ ಮುಚ್ಚುತ್ತಿದ್ದ. ಆ ಬಾಗಿಲೊಳಗೆ ಅಂಥದ್ದೇನಿದೆ ಎಂಬ ಕುತೂಹಲ ಬೈಂಡರನ್ನು ಹನ್ನೆರಡು ವರ್ಷದಿಂದ ಕೊರೆಯುತ್ತಿತ್ತು.

"ತಿಂಗಳಿಗೊಂದು ಭಾನುವಾರ ಅಲ್ಲೇ ಕಳೀತಿದ್ರಿ. ಇಷ್ಟು ವರ್ಷ ಏನು ಸರಿ ಮಾಡಿಸಿದ್ರೋ ದೇವರಿಗೇ ಗೊತ್ತು" ಎಂದರು ಬೈಂಡರ ಹೆಂಡತಿ.

ಗುಂಡಿ ಒತ್ತಿ ನೋಡಿದ್ದೇ ತಪ್ಪಾಯಿತು. ಕಿರುಚು ಕೇಳಿ ಎದುರುಮನೆಯ ದರ್ಜಿ ಹೊಲಿಗೆಯಂತ್ರದ ಎಣ್ಣೆಡಬ್ಬಿ ಹಿಡಿದೇ ಓಡಿಬಂದ. "ಎರಡೇ ಹನಿ ಬಿಡ್ತೀನಿ, ನೋಡ್ತಿರಿ." ಎರಡು ಹನಿ ಅರ್ಧ ಡಬ್ಬಿಯಾಯಿತು. ಸದ್ದು ನಿಲ್ಲಲಿಲ್ಲ, ಮರಿಬೆಕ್ಕಿದ್ದದ್ದು ಗಂಡುಬೆಕ್ಕಾಯಿತು, ಅಷ್ಟೆ.

ಮಹಡಿಮನೆಯಿಂದ ನಿವೃತ್ತ ರೈಲು ಡ್ರೈವರು ಇಳಿದರು. "ರೋಗ ಹೊಟ್ಟೆಯೊಳಗಿದೆ, ನೀನು ಮೂಗಿಗೆ ಎಣ್ಣೆ ಬಿಡ್ತಿದೀಯ. ಬಾಗಿಲು ಬಿಚ್ಚಿ! ನಲವತ್ತು ವರ್ಷ ಎಂಜಿನ್ ಓಡಿಸಿದವನು ಹೇಳ್ತಿದೀನಿ."

"ನಿಮ್ಮ ಎಂಜಿನ್‌ಗೆ ಗಾಜು ಇಳಿಸೋ ಗುಂಡಿ ಇತ್ತಾ ಯಜಮಾನ್ರೇ?"

"ಬ್ರೇಕ್ ಇತ್ತಯ್ಯ. ನಿನ್ನ ಬಾಯಿಗೆ ಅದೂ ಇಲ್ಲ."

ಗಡಿಯಾರ ಹನ್ನೊಂದು ದಾಟಿತ್ತು. ತಿರುಪುಗಳನ್ನು ಬಿಚ್ಚಿದ ಮೇಲೂ ಒಳಹಲಗೆ ಕದಲಲಿಲ್ಲ. ಬೈಂಡರು ಕಾಗದ ಮಡಿಸುವ ಮೂಳೆಪಟ್ಟಿ ತಂದು, ಹಳೆಯ ಪುಸ್ತಕದ ರಟ್ಟು ಬಿಡಿಸುವಂತೆ ಸುತ್ತಲೂ ಮೆಲ್ಲಗೆ ಜಾರಿಸಿದರು. ಟಪ್ ಟಪ್ ಎಂದು ಕ್ಲಿಪ್ಪುಗಳು ಸಿಡಿದವು; ಒಂದು ದರ್ಜಿಯ ಚಹಾದೊಳಗೇ ಬಿತ್ತು. ಹಲಗೆ ಕೈಗೆ ಬಂತು. ಅದನ್ನು ಬೆನ್ನು ಕೆಳಗಾಗಿ ನೆಲಕ್ಕೆ ಹಾಸಿ, ಮೇಲೆ ತಿರುಪು, ಲೋಟಗಳನ್ನಿಟ್ಟು ಮೂವರೂ ಒಳಗೆ ಇಣುಕಿದರು.

ಕತ್ತರಿಯಂತೆ ಎರಡು ಕಬ್ಬಿಣದ ತೋಳು, ಈರುಳ್ಳಿ ಗಾತ್ರದ ಮೋಟಾರು, ನಾಲ್ಕು ವೈರು.

"ಇಷ್ಟೇನಾ?" ಎಂದರು ಬೈಂಡರು. ಹೆದರುವಂಥದ್ದೇನೂ ಕಾಣಲಿಲ್ಲ.

"ಇಷ್ಟೇ ಅಲ್ಲ, ಇಲ್ಲಿ ನೋಡಿ!" ಎಂದರು ರೈಲು ಡ್ರೈವರು. ಗಾಜಿನ ಬುಡವನ್ನು ಕಚ್ಚಿ ಹಿಡಿದ ಹಿಡಿಯ ಸುತ್ತ ಕಪ್ಪು ಜಿಡ್ಡಿನ ಪಟ್ಟಿಯೊಂದು ಸಿಕ್ಕಿಕೊಂಡಿತ್ತು. "ಕಳ್ಳ ಸಿಕ್ಕಿದ. ಉಜ್ಜಿ ಕಿರುಚ್ತಿರೋದು ಇದೇ."

"ಮೇಸ್ತ್ರಿನೇ ಇಟ್ಟಿರಬಹುದಲ್ವಾ?" ಎಂದರು ಬೈಂಡರು.

"ಅಷ್ಟು ಶಿಸ್ತಿನ ಮನುಷ್ಯ ಇಂಥ ಗಲೀಜು ಇಡ್ತಾರೇನ್ರೀ? ಇಲಿ ಎಳ್ಕೊಂಡು ಬಂದಿರ್ಬೇಕು" ಎಂದ ದರ್ಜಿ, ಪಟ್ಟಿಯನ್ನು ಎಳೆದು ಚರಂಡಿಗೆಸೆದ.

ಗುಂಡಿ ಒತ್ತಿದರು. ಗಾಜು ನೀರಿನಲ್ಲಿ ಮೀನು ಜಾರಿದಂತೆ ಇಳಿಯಿತು, ಏರಿತು. ಸದ್ದೇ ಇಲ್ಲ. ಮೂವರೂ ಚಪ್ಪಾಳೆ ತಟ್ಟಿ, ಮರುಕ್ಷಣವೇ ಇದು ಎಂಥ ದಿನವೆಂದು ನೆನಪಾಗಿ ಕೈ ಹಿಂದಕ್ಕೆ ಕಟ್ಟಿಕೊಂಡರು.

ಮೂರು ಗಂಟೆಗೆ ಮೇಸ್ತ್ರಿಯ ಹೆಂಡತಿ ಮುಂದೆ ಕುಳಿತರು. ಹಿಂದೆ ಬೈಂಡರ ಹೆಂಡತಿ, ದರ್ಜಿ, ರೈಲು ಡ್ರೈವರು. ಮೇಸ್ತ್ರಿಯ ಹೆಂಡತಿ ಗುಂಡಿ ಒತ್ತಿದರು, ಗಾಜು ಸದ್ದಿಲ್ಲದೆ ಅರ್ಧಕ್ಕಿಳಿಯಿತು. ಬೈಂಡರು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದರು. ಮೊದಲ ತಿರುವಿನಲ್ಲಿ ಧಡ್ ಎಂದಿತು. ಇಡೀ ಗಾಜು ಬಾಗಿಲೊಳಗೆ ಕುಸಿದಿತ್ತು. ಗುಂಡಿ ಒತ್ತಿದರೆ ಮೋಟಾರು ಗುಂಯ್ ಎನ್ನುತ್ತಿತ್ತೇ ಹೊರತು ಏನೂ ಮೇಲೆ ಬರಲಿಲ್ಲ. ದಾರಿಯುದ್ದಕ್ಕೂ ಧೂಳು ಆಕೆಯ ಮುಖಕ್ಕೇ ರಾಚಿತು.

"ಪರವಾಗಿಲ್ಲ ಅಣ್ಣಾ" ಎಂದರು ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಗಾಳಿ ಚೆನ್ನಾಗಿ ಬರ್ತಿದೆ."

ಎಲ್ಲ ಮುಗಿದು ಸ್ಮಶಾನದ ಗೇಟಿಗೆ ಬಂದಾಗ ಮೇಸ್ತ್ರಿಯ ಹಳೆಯ ಶಿಷ್ಯರು ಕಾರಿನ ಸುತ್ತ ನೆರೆದಿದ್ದರು. ಹಿರಿಯ ಶಿಷ್ಯ ಎರಡೇ ನಿಮಿಷದಲ್ಲಿ ಒಳಹಲಗೆ ಕಳಚಿ, ಬಾಗಿಲನ್ನು ನೋಡುವುದು ಬಿಟ್ಟು ಹಲಗೆಯನ್ನು ಮಗುಚಿದ.

"ನಮ್ಮ ಗುರುಗಳ ಪದ್ಧತಿ ಇದು. ಏನು ಬಿಚ್ಚಿದೆ, ಏನು ಹಾಕಿದೆ ಅಂತ ಹಲಗೆ ಹಿಂದೆ ಬರೀತಿದ್ರು, ಮುಂದೆ ಬಿಚ್ಚೋನಿಗೆ ತಿಳೀಲಿ ಅಂತ."

ದಪ್ಪ ಪೆನ್ಸಿಲಿನ ಅಕ್ಷರ ಹಲಗೆಯ ತುಂಬ ಇತ್ತು. ಶಿಷ್ಯ ಗಟ್ಟಿಯಾಗಿ ಓದಿದ. "'ಗಾಜಿನ ಹಿಡಿ ಸವೆದಿದೆ. ಚರ್ಮದ ಪಟ್ಟಿ ಸುತ್ತಿದ್ದೇನೆ. ಚರ್ಮ ಬೈಂಡರ ಅಂಗಡಿಯದೇ, ಕೇಳದೆ ತಂದೆ. ಒಣಗಿದರೆ ಕಿರುಚುತ್ತದೆ. ತೆಗೆದರೆ ಗಾಜು ಬೀಳುತ್ತದೆ.'"

ದರ್ಜಿಯೂ ರೈಲು ಡ್ರೈವರೂ ಏಕಕಾಲಕ್ಕೆ ಆಕಾಶ ನೋಡಿದರು.

"'ಹೊಸ ಹಿಡಿ ತಂದಿಟ್ಟಿದ್ದೇನೆ. ಹಾಕಿದರೆ ಅವನು ಬರುವುದು ನಿಲ್ಲಿಸುತ್ತಾನೆ. ಸದ್ಯಕ್ಕೆ ಬೇಡ.'"

ಕೆಳಗೆ ತಾರೀಕುಗಳ ಸಾಲಿತ್ತು. "'ಕಿರುಚುತ್ತಿತ್ತು, ಎಣ್ಣೆ ಹಚ್ಚಿದೆ.' 'ಕಿರುಚುತ್ತಿತ್ತು.' ಆಮೇಲೆ..." ಶಿಷ್ಯ ತಡವರಿಸಿದ.

"ಯಾಕೆ ನಿಲ್ಲಿಸಿದೆ? ಓದಪ್ಪ" ಎಂದರು ಬೈಂಡರ ಹೆಂಡತಿ.

"'ಸದ್ದು ಇರಲಿಲ್ಲ. ಇದೆ ಎಂದ. ಬಿಚ್ಚಿ ಮುಚ್ಚಿದೆ.' 'ಇರಲಿಲ್ಲ. ಬಿಚ್ಚಿ ಮುಚ್ಚಿದೆ.' 'ಇರಲಿಲ್ಲ.' 'ಇರಲಿಲ್ಲ.' ಕೊನೇವರೆಗೂ ಹೀಗೇ ಇದೆ ಅಮ್ಮಾ."

"ಏನ್ರೀ ಇದು?" ಹೆಂಡತಿ ಸೊಂಟಕ್ಕೆ ಕೈಯಿಟ್ಟರು. "ಆ ಸದ್ದು ತಲೆ ಚಿಟ್ಟು ಹಿಡಿಸುತ್ತೆ ಅಂತ ಭಾನುವಾರದ ಕೆಲಸವೆಲ್ಲ ನನ್ನ ತಲೆಗೆ ಕಟ್ಟಿ ಓಡ್ತಿದ್ರಲ್ಲ?"

ಬೈಂಡರು ಚಪ್ಪಲಿ ನೋಡುತ್ತ ನಿಂತರು. ಮೇಸ್ತ್ರಿಯ ಹೆಂಡತಿ ಆ ದಿನ ಮೊದಲ ಸಲ ನಕ್ಕರು, ನಗುತ್ತಲೇ ಅತ್ತರು.

"ಹೋಗ್ಲಿ, ಆ ಹೊಸ ಹಿಡಿ ಕೊಡಿ, ಈಗಲೇ ಹಾಕಿಬಿಡ್ತೀನಿ" ಎಂದ ಶಿಷ್ಯ. "ಎಲ್ಲಿಟ್ಟಿದ್ದಾರೆ ಅಮ್ಮಾ?"

"ಅವರು ಇಟ್ಟ ವಸ್ತು ಅವರಿಗೊಬ್ಬರಿಗೇ ಸಿಗ್ತಿದ್ದದ್ದು ಕಣಪ್ಪ."

ಗಾಜಿಲ್ಲದ ಕಾರು ಮನೆಯ ದಾರಿ ಹಿಡಿಯಿತು. ಹಿಂದಿನ ಸೀಟಿನಿಂದ ಹೆಂಡತಿ ಒಂದೊಂದೇ ಭಾನುವಾರದ ಲೆಕ್ಕ ಕೇಳುತ್ತಿದ್ದರು. ಬೈಂಡರ ತುಟಿ ಮಾತ್ರ ಅಲ್ಲಾಡುತ್ತಿತ್ತು: ದೇವರೇ, ಸುಳ್ಳೆಂದು ತಿಳಿದೂ ಅಷ್ಟು ಸಲ ಬಾಗಿಲು ಬಿಚ್ಚಿದ ಜೀವ ಅದು. ಅದಕ್ಕೆ ನಿನ್ನ ಹತ್ತಿರ ಜಾಗ ಕೊಡು. ದಣಿದ ಆ ಕೈಗೆ ಶಾಂತಿ ಕೊಡು.